ನಡುವೂರಿನ ಕೂದಲ ಹಗ್ಗ

ಕಥೆ ಹೇಳುವವರು ಮೊದಲನ್ನು ಹೇಳುತ್ತಾರೆ. ಹಣೆಯ ಮೇಲೆ ಗುರುತು ಹೊತ್ತ ಮಗು ಹುಟ್ಟಿದ್ದನ್ನು, ಹಿರಿಯರು ಅದರ ಕೈಗೆ ಚೂರಿ ಕೊಟ್ಟು ‘ನೀನೇ’ ಎಂದದ್ದನ್ನು, ಊರಿಗೆ ಊರೇ ಎಲ್ಲೆಯ ಕಲ್ಲಿನವರೆಗೆ ಬಂದು ಬೀಳ್ಕೊಟ್ಟದ್ದನ್ನು ಹೇಳುತ್ತಾರೆ. ಕೊನೆಯನ್ನೂ ಹೇಳುತ್ತಾರೆ. ಕಳೆದದ್ದು ಮರಳಿ ಬಂದದ್ದನ್ನು, ಗೆದ್ದವರು ಊಟಕ್ಕೆ ಕುಳಿತದ್ದನ್ನು ಹೇಳುತ್ತಾರೆ. ನಡುವಿನದನ್ನು ಮಾತ್ರ ‘ಹೀಗೆ ಕೆಲವು ಕಾಲ ಕಳೆಯಿತು’ ಎಂದು, ಎಲೆಗೆ ಸುಣ್ಣ ಸವರುತ್ತ ದಾಟಿಬಿಡುತ್ತಾರೆ.

ಆ ಕೆಲವು ಕಾಲಕ್ಕೂ ಒಂದು ಊರಿದೆ. ಅದರ ಹೆಸರು ನಡುವೂರು.

ನಡುವೂರಿನಲ್ಲಿ ಹುಟ್ಟಿದವರು ಯಾರೂ ಇಲ್ಲ. ಎಲ್ಲರೂ ಬಂದವರು. ಎಲ್ಲರ ಹಣೆಯ ಮೇಲೂ ಗುರುತು, ಎಲ್ಲರ ಸೊಂಟದಲ್ಲೂ ಚೂರಿ. ಎಲ್ಲರಿಗೂ ಯಾರೋ ‘ನಿನ್ನೊಬ್ಬರಿಂದಲೇ ಆಗಬೇಕು’ ಎಂದು ಹೇಳಿ ಕಳಿಸಿದ್ದರು. ಎಲ್ಲರ ಊರಿನಿಂದಲೂ ಒಂದೊಂದನ್ನು ಒಯ್ಯುವವನು ಒಯ್ದಿದ್ದ. ಅವನನ್ನು ಕಂಡವರಿಲ್ಲ. ಒಂದೂರಿನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಯಾರ ಹಿಂದೆಯೂ ನೆರಳಿರಲಿಲ್ಲ. ಇನ್ನೊಂದೂರಿನಲ್ಲಿ ಉಪ್ಪಿನ ರುಚಿ ಹೋಗಿತ್ತು, ಕಣ್ಣೀರು ಕೂಡ ಸಪ್ಪೆಯಾಗಿತ್ತು. ಒಯ್ದದ್ದೆಲ್ಲ ಪಡುವಣದಲ್ಲಿ, ಕಮರಿಯ ಆಚೆ ಇದೆ ಎಂದು ಎಲ್ಲ ಊರಿನ ಹಿರಿಯರೂ ಹೇಳಿದ್ದರು. ಕಮರಿಯ ಈಚೆ ನಡುವೂರು.

ಕಮರಿಯ ತುಂಬ ಮಂಜು. ಆಚೆಯ ದಡ ಕಾಣುವುದಿಲ್ಲ. ಕೂಗಿದರೆ ಮಂಜು ಕೂಗನ್ನು ನುಂಗುತ್ತದೆ. ಆ ಮಂಜಿನ ಮೇಲೆ ನಾರಿನ ಹಗ್ಗ ನಿಲ್ಲದು, ಬಳ್ಳಿ ನಿಲ್ಲದು, ನೆನೆದು ಕೊಳೆತು ಬೀಳುತ್ತವೆ. ಮನುಷ್ಯರ ಕೂದಲ ಹಗ್ಗವೊಂದೇ ನಿಲ್ಲುತ್ತದೆ. ಆದ್ದರಿಂದ ನಡುವೂರಿನವರು ಗೇಣುದ್ದ ಬೆಳೆದ ಕೂದಲನ್ನು ಕತ್ತರಿಸಿ ಕೊಡುತ್ತಾರೆ. ಕೊಟ್ಟು, ಮತ್ತೆ ಬೆಳೆಯಲು ಕಾಯುತ್ತಾರೆ. ಹೊಸೆಯುತ್ತಾರೆ, ಕಾಯುತ್ತಾರೆ. ಹಗ್ಗ ಯಾರ ಕೂದಲಿನಿಂದ ಮುಗಿಯುತ್ತದೋ ಅವರು ದಾಟಬೇಕು. ಮೂಡಣ ಗಾಳಿ ಬೀಸುವಾಗ ಹಗ್ಗದ ತುದಿಗೆ ಕೊಕ್ಕೆ ಕಟ್ಟಿ ಬಿಟ್ಟರೆ, ಜೇಡನ ಎಳೆಯಂತೆ ಅದು ತೇಲಿಕೊಂಡು ಹೋಗಿ ಆಚೆಯ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ದಾಟುವವರು ಬಟ್ಟೆಯ ಜೋಳಿಗೆಯಲ್ಲಿ ಕುಳಿತು, ಹಗ್ಗ ಹಿಡಿದು ತಮ್ಮನ್ನು ತಾವೇ ಎಳೆದುಕೊಂಡು ಮಂಜಿನೊಳಗೆ ಹೋಗುತ್ತಾರೆ. ಆಚೆ ಇಳಿದ ಕೂಡಲೇ ತಮ್ಮ ಚೂರಿಯಿಂದ ಹಗ್ಗ ಕತ್ತರಿಸುತ್ತಾರೆ. ಈಚೆ ಹಗ್ಗ ಸಡಿಲಾಗಿ ಜೋತು ಬೀಳುತ್ತದೆ. ಆಗ ನಡುವೂರಿನವರು ‘ಮುಟ್ಟಿದರು, ಮುಟ್ಟಿದರು’ ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಒಬ್ಬರನ್ನು ಹೊತ್ತ ಹಗ್ಗ ಇನ್ನೊಬ್ಬರನ್ನು ಹೊರಬಾರದು. ಅದನ್ನು ಎಳೆದುಕೊಂಡು, ಸುರುಳಿ ಸುತ್ತಿ, ಸುಟ್ಟು, ಬೂದಿಯನ್ನು ಹಣೆಗೆ ಹಚ್ಚಿಕೊಂಡು, ಮರುದಿನ ಹೊಸ ಹಗ್ಗದ ಮೊದಲ ಎಳೆ ಹಿಡಿಯುತ್ತಾರೆ.

ಹಾಗೆ ಎಷ್ಟೋ ಜನ ದಾಟಿದ್ದರು. ಒಬ್ಬರೂ ಮರಳಿರಲಿಲ್ಲ. ಯಾವ ಊರಿಗೂ ಏನೂ ಮರಳಿರಲಿಲ್ಲ.

ಹಗ್ಗದಜ್ಜಿ ಅಲ್ಲಿಗೆ ಬಂದಾಗ ಎರಡು ಜಡೆಯ ಹುಡುಗಿ. ಅವಳ ಊರಿನಿಂದ ಒಯ್ಯುವವನು ಹೆಪ್ಪನ್ನು ಒಯ್ದಿದ್ದ. ಹಾಲು ಮೊಸರಾಗುತ್ತಿರಲಿಲ್ಲ, ಹಿಟ್ಟು ಹುಳಿಯುತ್ತಿರಲಿಲ್ಲ, ಹಾಲಿನ ಗಡಿಗೆಗಳು ಸಾಲಾಗಿ ಕೆಟ್ಟು ನಾರುತ್ತಿದ್ದವು. ಈಗ ಅವಳ ಊರಿನ ಹೆಸರು ಹೇಳಿದರೆ ಗುರುತಿಸುವವರು ಯಾರೂ ಇರಲಿಲ್ಲ. ಅವಳ ಕೂದಲು ಹಗ್ಗದ ಮೊದಲಲ್ಲಿ ಬಿದ್ದದ್ದುಂಟು, ನಡುವೆ ಬಿದ್ದದ್ದುಂಟು, ಕೊನೆಗೆ ಬಿದ್ದದ್ದಿಲ್ಲ. ಹೊಸೆದು ಹೊಸೆದು ಅವಳ ಅಂಗೈ ಬಂಡೆಯಾಗಿತ್ತು. ಹೊಸೆಯುವುದರಲ್ಲಿ ಅವಳಂಥವರು ಇರಲಿಲ್ಲ. ಅದೊಂದೇ ಅವಳಿಗೆ ಸಿಕ್ಕ ಕಥೆ.

ಹಗ್ಗಕ್ಕೆ ಇನ್ನೇನು ಒಂದು ಮೊಳ ಸಾಲದು ಎನ್ನುವ ಹೊತ್ತಿನಲ್ಲಿ ಹುಡುಗಿಯೊಬ್ಬಳು ಬಂದಳು. ಮೊಣಕಾಲಿನವರೆಗೆ ಜಡೆ, ಕೆಂಡದಂಥ ಕಣ್ಣು. ನಡುವೂರಿನ ಬೋಳು ತಲೆಗಳ ನಡುವೆ ಆ ಜಡೆ ಹಾವಿನಂತೆ ಹೊಳೆಯಿತು.

“ಎಷ್ಟು ಉಳಿದಿದೆ?” ಎಂದಳು, ಹಗ್ಗ ನೋಡಿ.

“ಕೂತ್ಕೋ ಮಗಾ. ಗಂಜಿ ಕುಡಿ,” ಎಂದಳು ಅಜ್ಜಿ.

“ಕೂರೋಕೆ ಬಂದಿಲ್ಲ ನಾನು. ದಾಟೋಕೆ ಬಂದಿದೀನಿ. ನಾನೇ ಅಂತ ಹೇಳಿ ಕಳಿಸಿದಾರೆ.”

ಅಡುಗೆಯವನು ಸೌಟು ಹಿಡಿದುಕೊಂಡೇ ನಕ್ಕ. ಉಪ್ಪಿನ ರುಚಿ ಹೋದ ಊರಿನವನು ಅವನು. “ಬಾರವ್ವ ಬಾ. ಇಲ್ಲಿರೋರೆಲ್ಲ ನಾನೇಗಳೇ. ನಾನೂ ಒಬ್ಬ ನಾನೇ. ಅಗೋ, ಮೂಗು ಸೊಟ್ಟ ಮಾಡ್ಕೊಂಡು ನಿಂತಿದಾನಲ್ಲ, ಅವನು ನಮ್ಮೆಲ್ಲರಿಗಿಂತ ದೊಡ್ಡ ನಾನೇ. ಗಂಜಿಗೆ ಉಪ್ಪು ಹೆಚ್ಚಾಗಿದ್ರೆ ಹೇಳು. ನನಗೆ ತಿಳಿಯಲ್ಲ.”

“ಹೆಚ್ಚಾಗಿದೆ,” ಎಂದರು ಸುತ್ತ ಕುಳಿತವರೆಲ್ಲ ಒಟ್ಟಿಗೆ.

ಮೂಗು ಸೊಟ್ಟ ಮಾಡಿಕೊಂಡು ನಿಂತವನು ನೆರಳಿಲ್ಲದವನು. ಪದ್ಧತಿ ತಪ್ಪದಂತೆ ನೋಡಿಕೊಳ್ಳುವುದು ಅವನ ಕೆಲಸ. ಯಾರೂ ಅವನಿಗೆ ಆ ಕೆಲಸ ಕೊಟ್ಟಿರಲಿಲ್ಲ. ಹಿಂದೆ ನೆರಳಿಲ್ಲದವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗಿತ್ತು, ಪದ್ಧತಿಯನ್ನು ಹಿಡಿದುಕೊಂಡಿದ್ದ.

“ಹೊಸಬರು ಇಲ್ಲಿ ಒಂದು ನಿದ್ದೆ ಮಾಡಿ ಏಳಬೇಕು,” ಎಂದ ಅವನು. “ಎದ್ದ ಮೇಲೆ ಕೂದಲು ಕತ್ತರಿಸೋದು. ದಾರಿಯ ದಣಿವು ಕೂದಲಲ್ಲಿ ಇರಬಾರದು. ನಿನ್ನ ಜಡೆ ಒಂದೇ ಸಾಕು, ಹಗ್ಗ ಮುಗಿಯುತ್ತೆ. ಹೋಗಿ ಮಲಗು.”

ಹುಡುಗಿಯ ಮುಖ ಸುಣ್ಣದಂತೆ ಬಿಳಿಚಿತು. “ಅಣ್ಣಾ, ನಮ್ಮೂರಿಂದ ಅವನು ಒಯ್ದಿದ್ದು ನಿದ್ದೇನೇ.”

ಹೊಸೆಯುತ್ತಿದ್ದ ಕೈಗಳು ನಿಂತವು.

ಅವಳು ಹೇಳಿದಳು. ನಿದ್ದೆ ಹೋದ ಮೇಲೆ ಮೊದಮೊದಲು ಊರಿನವರು ಖುಷಿಯಾಗಿದ್ದರು, ಹಗಲೂ ರಾತ್ರಿ ಗೇಯ್ದರು. ಆಮೇಲೆ ಗೋಡೆಗಳ ಜೊತೆ ಮಾತಾಡತೊಡಗಿದರು. ಆಮೇಲೆ ಮುದುಕರು ಕುಳಿತಲ್ಲೇ ಹೋದರು, ಕಣ್ಣು ಮುಚ್ಚಲು ಬರಲಿಲ್ಲ. ಆಮೇಲೆ ಎಮ್ಮೆಗಳು. ತೊಟ್ಟಿಲಲ್ಲಿ ಅವಳ ತಮ್ಮನಿದ್ದಾನೆ. ಹುಟ್ಟಿದಾಗಿನಿಂದ ಆ ಕೂಸು ನಿದ್ದೆ ಕಂಡಿಲ್ಲ. ಅಮ್ಮ ತೊಟ್ಟಿಲು ತೂಗುತ್ತಲೇ ಇದ್ದಾಳೆ, ತೂಗುವುದು ಯಾಕೆ ಎನ್ನುವುದು ಅವಳಿಗೆ ಮರೆತುಹೋಗಿದೆ.

“ಕೂಸು ಇನ್ನೆಷ್ಟು ತಡೆಯುತ್ತೆ ಗೊತ್ತಿಲ್ಲ,” ಎಂದಳು. “ಜಡೆ ಈಗಲೇ ಕತ್ತರಿಸಿ.”

“ನಿದ್ದೆ ಮಾಡದವರ ಕೂದಲು ಮುಟ್ಟೋಹಾಗಿಲ್ಲ,” ಎಂದ ನೆರಳಿಲ್ಲದವನು. ದನಿಯಲ್ಲಿ ಗಡಸು ಇರಲಿಲ್ಲ. ಗೋಡೆಗೆ ಗಡಸು ಬೇಕಿಲ್ಲ.

ಹುಡುಗಿ ಮಲಗಿ ನೋಡಿದಳು. ಚಾಪೆಯ ಮೇಲೆ ಮಲಗಿದಳು, ನೆಲದ ಮೇಲೆ ಮಲಗಿದಳು. ಸೂರ್ಯ ಬಂದ, ಹೋದ. ಅವಳ ಕಣ್ಣು ತೆರೆದೇ ಇತ್ತು. ಕೊನೆಗೆ ಎದ್ದು ಬಂದು ಅಜ್ಜಿಯ ಎದುರು ಕುಳಿತು ಎಳೆಯ ತುದಿ ಹಿಡಿದಳು. ನಡುವೂರಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಅಜ್ಜಿ ಎಡಕ್ಕೆ ಹೊಸೆದರೆ ಹುಡುಗಿ ಬಲಕ್ಕೆ ಬಿಗಿದಳು. ಕೂದಲು ಗೇಣು ಬೆಳೆದವರು ಯಾರೂ ಇರಲಿಲ್ಲ. ಆದ್ದರಿಂದ ಹೊಸೆದದ್ದನ್ನೇ ಬಿಚ್ಚಿ ಮತ್ತೆ ಗಟ್ಟಿಯಾಗಿ ಹೊಸೆದರು. ಹಗ್ಗ ಉದ್ದವಾಗಲಿಲ್ಲ. ದಿನಗಳು ಮಾತ್ರ ಉದ್ದವಾದವು.

ಹೀಗೇ ಒಂದು ಮಧ್ಯಾಹ್ನ ಹುಡುಗಿ ಕೇಳಿದಳು. “ಅಜ್ಜಿ, ಆಚೆ ಇಳಿದವರು ಹಗ್ಗ ಯಾಕೆ ಕತ್ತರಿಸ್ತಾರೆ?”

“ಒಯ್ಯುವವನು ಅದೇ ದಾರೀಲಿ ಈಚೆ ಬರಬಾರದು ಅಂತ. ನಿನಗೂ ಹೇಳಿ ಕಳಿಸಿದಾರಲ್ಲ?”

“ಹೇಳಿದಾರೆ.” ಹುಡುಗಿ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು. “ಅಲ್ಲ, ನಮ್ಮೂರಿಗೆ ಬಂದನಲ್ಲ, ಆಗ ಯಾವ ಹಗ್ಗದ ಮೇಲೆ ಬಂದಿದ್ದ?”

ಅಜ್ಜಿ ಎಳೆಯನ್ನು ಕೆಳಗಿಟ್ಟಳು. ಹೆಪ್ಪು ಒಯ್ದಾಗ ಅವನು ಯಾವ ಹಗ್ಗದ ಮೇಲೆ ಬಂದಿದ್ದ? ನೆರಳು ಒಯ್ದಾಗ? ಸುಟ್ಟ ಹಗ್ಗಗಳ ನಾತ ಒಮ್ಮೆಗೇ ಅವಳ ಮೂಗಿಗೆ ಬಂತು. ಆ ಮಧ್ಯಾಹ್ನ ಅವಳು ಹೊಸೆದ ಹುರಿ ಸಡಿಲವಾಗಿತ್ತು. ನಡುವೂರಿನಲ್ಲಿ ಅಂಥದನ್ನು ಯಾರೂ ಕಂಡಿರಲಿಲ್ಲ.

ಮೂಡಣ ಗಾಳಿ ಬೀಸತೊಡಗಿದ ಬೆಳಿಗ್ಗೆ ಅಜ್ಜಿ ಅಂಗಳದ ನಡುವೆ ಬಂದು ಕುಳಿತಳು. ಅಡುಗೆಯವನನ್ನು ಕರೆದು, “ತಮ್ಮಾ, ನಿನ್ನ ಚೂರಿ ತಗೊಂಡು ಬಾ. ನನ್ನ ಕೂದಲು ಗೇಣು ಮುಟ್ಟಿದೆ,” ಎಂದಳು.

ನೆರಳಿಲ್ಲದವನು ತನ್ನ ಗೇಣಿನಿಂದ ಅಳೆದು ನೋಡಿದ. ಹೌದು, ಮುಟ್ಟಿತ್ತು. ಅಡುಗೆಯವನು ಕತ್ತರಿಸಿದ. ಬೆಳ್ಳಗಿನ ಕೂದಲು ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ತನ್ನ ಕೂದಲನ್ನು ತಾನೇ ಹೊಸೆದು, ತುದಿಗೆ ಸೇರಿಸಿ, ಗಂಟು ಹಾಕಿದಳು. ಕರಿಯ ಹಗ್ಗಕ್ಕೆ ಬಿಳಿಯ ಬಾಲ ಬಂತು. ಹಗ್ಗ ಮುಗಿಯಿತು.

ಹುಡುಗಿಗೆ ಆಗ ಅರ್ಥವಾಯಿತು. “ಕಳ್ಳಿ,” ಎಂದಳು. “ಅದು ನಂದು. ನಿನ್ನೂರಲ್ಲಿ ಮೊಸರು ಆಗದೇ ಇದ್ರೆ ಯಾರು ಸಾಯ್ತಾರೆ? ನನ್ನ ತಮ್ಮ ಸಾಯ್ತಾನೆ ಅಲ್ಲಿ.”

“ಬೈಯಿ. ಬೈದು ಮುಗಿಸಿ ಹತ್ತಿರ ಬಾ,” ಎಂದಳು ಅಜ್ಜಿ. “ನಿನ್ನ ನಿದ್ದೆ ಬರೋತನಕ ಕಾದರೆ ಈ ಹಗ್ಗ ಯಾರನ್ನೂ ದಾಟಿಸಲ್ಲ. ನೀನೇ ಹೋಗಿದ್ರೂ ಹಿಂದಿನವರ ಹಾಗೆ ಕತ್ತರಿಸಿ ಒಬ್ಬಳೇ ಆಗ್ತಿದ್ದೆ. ನಾನು ಕತ್ತರಿಸಲ್ಲ.”

ನೆರಳಿಲ್ಲದವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. “ಕತ್ತರಿಸದೇ ಇದ್ರೆ ನೀನು ಮುಟ್ಟಿದೆಯೋ ಬಿದ್ದೆಯೋ ನಮಗೆ ಹೇಗೆ ತಿಳೀಬೇಕು? ಅವನೇ ಹಗ್ಗ ಹಿಡಿದು ಬಂದ್ರೆ?”

ಅಜ್ಜಿ ತನ್ನ ಚೂರಿಯನ್ನು ಬಿಚ್ಚಿ ಹುಡುಗಿಯ ಕೈಗೆ ಕೊಟ್ಟಳು. “ನಾನು ಮುಟ್ಟಿದ್ರೆ ತೊಟ್ಟಿಲು ತೂಗೋ ಹಾಗೆ ಹಗ್ಗ ಎಳೀತೀನಿ. ಎಳೆದು ಬಿಡೋದು, ಎಳೆದು ಬಿಡೋದು. ನಿನ್ನ ಕೈಗೆ ಆ ಲಯ ಗೊತ್ತು. ಒಯ್ಯುವವನು ತೊಟ್ಟಿಲು ತೂಗಿರಲಾರ. ಬೇರೆ ಥರ ಅಲುಗಿದ್ರೆ ನೀನೇ ಕತ್ತರಿಸು. ತೂಗಿದ್ರೆ, ಬಂದುಬಿಡು. ನಿನ್ನ ಹಿಂದೆ ಉಳಿದವರೂ ಬರಲಿ.”

“ಎಲ್ಲರೂ?” ಎಂದ ಅಡುಗೆಯವನು. ಅಂಥ ಮಾತು ನಡುವೂರಿನಲ್ಲಿ ಯಾರೂ ಆಡಿರಲಿಲ್ಲ.

ಗಾಳಿ ಹಗ್ಗವನ್ನು ಒಯ್ದಿತು. ಕೊಕ್ಕೆ ಎಲ್ಲೋ ಸಿಕ್ಕಿಕೊಂಡಿತು. ಅಜ್ಜಿ ಜೋಳಿಗೆಯಲ್ಲಿ ಕುಳಿತು ಎಳೆದುಕೊಂಡಳು. ಎಳೆದಳು, ಎಳೆದಳು. ಈಚೆಯ ದಡ ಹೋಯಿತು, ದನಿಗಳು ಹೋದವು, ಮಂಜಿನಲ್ಲಿ ಅವಳ ಕಾಲುಗಳೇ ಅವಳಿಗೆ ಕಾಣಲಿಲ್ಲ. ಕೈಗೆ ಹಗ್ಗವೊಂದೇ ತಿಳಿಯುತ್ತಿತ್ತು. ಈ ಹುರಿ ಅಡುಗೆಯವನದು, ಒರಟು. ಈ ಹುರಿ ನೆರಳಿಲ್ಲದವನದು, ತೆಳು. ಅವರೆಲ್ಲರ ತಲೆ ಸವರುತ್ತ ಹೋದಂತೆ ಹೋದಳು. ಕೊನೆಗೆ ತನ್ನದೇ ಬಿಳಿಯ ಮೊಳ ಕೈಗೆ ಬಂತು, ಆಮೇಲೆ ಬಂಡೆ.

ಇಳಿದವಳು ಮೊದಲು ಹಗ್ಗವನ್ನು ಬಂಡೆಗೆ ಭದ್ರವಾಗಿ ಸುತ್ತಿ ಕಟ್ಟಿದಳು. ಆಮೇಲೆ ತಲೆ ಎತ್ತಿದಳು.

ಅಲ್ಲಿ ಕೋಟೆ ಇರಲಿಲ್ಲ. ಒಯ್ಯುವವನು ಇರಲಿಲ್ಲ. ಅಂಗಳದಷ್ಟು ಅಗಲದ ಬಂಡೆ, ಅದರ ಬಿರುಕುಗಳಲ್ಲಿ ಜಿನುಗುವ ನೀರು, ತಿನ್ನಲು ಬರುವ ಸೊಪ್ಪು, ಬಂಡೆಯ ಆಚೆ ಇನ್ನೊಂದು ಕಮರಿ. ಅದೂ ಮಂಜು ತುಂಬಿದ ಕಮರಿ, ಮೊದಲನೆಯದಕ್ಕಿಂತ ಅಗಲ. ಆ ಕಮರಿಯ ತೀರಾ ಆಚೆ, ಮಂಜು ಸರಿದಾಗ, ಒಂದು ದೀಪದ ಬೆಳಕು ಕಂಡು ಮಾಯವಾಗುತ್ತಿತ್ತು.

ಬಂಡೆಯ ಮೇಲೆ ದಾಟಿದವರೆಲ್ಲ ಇದ್ದರು.

ಕುಳಿತಿದ್ದರು. ಕೆಲವರು ಆಚೆಗೆ ಮುಖ ಮಾಡಿ, ಹೆಚ್ಚಿನವರು ಈಚೆಗೆ, ನಡುವೂರಿನ ಕಡೆಗೆ ಮುಖ ಮಾಡಿ ಕುಳಿತು ಮೂಳೆಯಾಗಿದ್ದರು. ಎಲ್ಲರ ಬಾಯಿಯೂ ತೆರೆದಿತ್ತು. ಕೂಗಿದ್ದರು, ಮಂಜು ನುಂಗಿತ್ತು. ಪ್ರತಿಯೊಬ್ಬರ ಪಕ್ಕದಲ್ಲೂ ಚೂರಿ, ಕತ್ತರಿಸಿದ ಹಗ್ಗದ ಒಂದು ತುಂಡು. ಮುಂದಕ್ಕೆ ಹೋಗಲು ಹಗ್ಗ ಬೇಕಿತ್ತು. ಹಿಂದಕ್ಕೆ ಬರಲು ಹಗ್ಗ ಬೇಕಿತ್ತು. ಇಳಿದ ಕೂಡಲೇ, ಕಣ್ಣೆತ್ತಿ ನೋಡುವ ಮೊದಲೇ, ಅದನ್ನು ಕತ್ತರಿಸಿದ್ದರು. ಅವರು ಇಲ್ಲಿ ಕೂಗುತ್ತಿದ್ದಾಗ ಅಲ್ಲಿ ನಾವು ತಬ್ಬಿಕೊಳ್ಳುತ್ತಿದ್ದೆವು, ಎಂದುಕೊಂಡಳು ಅಜ್ಜಿ. ಅವರ ಹಗ್ಗ ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದೆವು.

ಅವರ ತಲೆಗಳು ಬೋಳಾಗಿರಲಿಲ್ಲ. ಇಲ್ಲಿ ಕತ್ತರಿಸುವವರು ಯಾರೂ ಇರಲಿಲ್ಲವಲ್ಲ, ಸಾಯುವವರೆಗೂ ಬೆಳೆದಿತ್ತು. ಬುರುಡೆಗಳ ಮೇಲಿಂದ ಭುಜದ ಮೂಳೆಗಳ ಮೇಲೆ, ಬಂಡೆಯ ಮೇಲೆ, ಗಾಳಿಗೆ ಅಲುಗುತ್ತ ಹರಡಿತ್ತು. ಮೂಗುತಿಯೊಂದನ್ನು ನೋಡಿ ಅಜ್ಜಿ ಒಬ್ಬಳನ್ನು ಗುರುತು ಹಿಡಿದಳು. ನಗು ಹೋದ ಊರಿನವಳು. ತಾವಿಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಚಾಪೆಯಲ್ಲಿ ಮಲಗುತ್ತಿದ್ದವರು. ಅವಳು ದಾಟಿದ ದಿನ ಅಜ್ಜಿಗೆ ಹೊಟ್ಟೆಕಿಚ್ಚಾಗಿತ್ತು.

ಅಜ್ಜಿ ಬಂಡೆಗೆ ಕಟ್ಟಿದ ಹಗ್ಗದ ಹತ್ತಿರ ಹೋಗಿ ಕುಳಿತಳು. ಕೈ ಹಗ್ಗದ ಮೇಲಿತ್ತು, ಎಳೆಯಲಿಲ್ಲ. ಎಳೆದರೆ ಹುಡುಗಿ ಬರುತ್ತಾಳೆ, ಬಂದು ಇದನ್ನು ನೋಡುತ್ತಾಳೆ. ಎಳೆಯದಿದ್ದರೆ ಅಲ್ಲಿ ಅವಳು ನಿದ್ದೆಗಾಗಿ ಕಾಯುತ್ತ ಕೂರುತ್ತಾಳೆ, ಇನ್ನೊಬ್ಬರು ಬರುತ್ತಾರೆ, ಇಳಿಯುತ್ತಾರೆ, ಕತ್ತರಿಸುತ್ತಾರೆ. ಆಮೇಲೆ ಎಳೆದು ಬಿಟ್ಟಳು. ಎಳೆದು ಬಿಟ್ಟಳು. ಮಗುವಿಲ್ಲದ ತೊಟ್ಟಿಲನ್ನು ತೂಗುತ್ತ ಕುಳಿತಳು.

ಹಗ್ಗ ಭಾರವಾಯಿತು, ನಡುಗಿತು, ಬಿಗಿಯಿತು. ಹುಡುಗಿ ಮಂಜಿನಿಂದ ಹೊರಬಂದಳು. ಅವಳ ಕಾಲು ಬಂಡೆಗೆ ತಾಗಿ, ಅವಳು ಜೋಳಿಗೆಯಿಂದ ಇಳಿದು, “ಅಡುಗೆಯಣ್ಣ ನನ್ನ ಹಿಂದೆ ಬರ್ತೀನಿ ಅಂದಿದಾನೆ. ನೀನು ಕೊಟ್ಟ ಚೂರಿಯನ್ನ ಆ ನೆರಳಿಲ್ಲದಣ್ಣನ ಕೈಗೆ ಕೊಟ್ಟು ಬಂದೆ,” ಎನ್ನುವಷ್ಟರಲ್ಲಿ, ಹಗ್ಗ ಸಡಿಲಾಗಿ ಬಂಡೆಯ ಅಂಚಿನಿಂದ ಕೆಳಕ್ಕೆ ಜೋತು ಬಿತ್ತು.

ಇಬ್ಬರೂ ಅದನ್ನು ನೋಡಿದರು.

“ಕತ್ತರಿಸಲ್ಲ ಅಂತ ಆಣೆ ಇಟ್ಟಿದ್ದ,” ಎಂದಳು ಹುಡುಗಿ.

“ಇಟ್ಟಿರ್ತಾನೆ. ಕೆಟ್ಟವನಲ್ಲ ಅವನು. ಹಗ್ಗ ಬಿಗಿಯಾಗೇ ಇತ್ತು, ಅದನ್ನ ನೋಡ್ತಾ ನಿಲ್ಲೋಕೆ ಆಗಿರಲ್ಲ ಅವನಿಗೆ. ಯಾರೋ ಕತ್ತರಿಸಬೇಕಲ್ಲ ಅನ್ನಿಸಿರುತ್ತೆ.” ಅಜ್ಜಿ ಮಂಡಿಯೂರಿದಳು. “ಎಳಿ ಮಗಾ. ಬೇಗ ಮೇಲಕ್ಕೆ ಎಳಿ.”

ಇಬ್ಬರೂ ಸೇರಿ ಎಳೆದರು. ಮಾರು ಮಾರಾಗಿ ಹಗ್ಗ ಮೇಲೆ ಬಂತು, ಬಂಡೆಯ ಮೇಲೆ ಸುರುಳಿಯಾಗಿ ಬಿತ್ತು. ಎಷ್ಟೋ ಕಾಲದಲ್ಲಿ ಮೊದಲ ಸಲ, ದಾಟಿದ ಹಗ್ಗವೊಂದು ಆಚೆಯ ದಡದಲ್ಲಿತ್ತು.

ಆಗ ಹುಡುಗಿ ಹಿಂದಿರುಗಿ ನೋಡಿದಳು. ಮೂಳೆಗಳನ್ನು ನೋಡಿದಳು, ಎರಡನೆಯ ಕಮರಿಯನ್ನು ನೋಡಿದಳು, ತೀರಾ ಆಚೆ ಮಿನುಗಿ ಮಾಯವಾಗುವ ಬೆಳಕನ್ನು ನೋಡಿದಳು. ಹುಡುಗಿ ಬಂಡೆಯ ಆಚೆಯ ಅಂಚಿಗೆ ಹೋಗಿ, ಕೊಕ್ಕೆ ಕಟ್ಟಿ, ಗಾಳಿಗೆ ಹಗ್ಗ ಬಿಟ್ಟಳು. ಹಗ್ಗ ತೇಲಿತು, ತೇಲಿತು, ಪೂರಾ ಬಿಚ್ಚಿಕೊಂಡಿತು. ಎಲ್ಲಿಯೂ ತಾಗದೆ ಕಮರಿಯ ನಡುವೆ ಜೋತು ಬಿತ್ತು. ಅವಳು ಎಳೆದುಕೊಂಡು ಮತ್ತೆ ಬಿಟ್ಟಳು. ಮತ್ತೆ ಬಿಟ್ಟಳು. ಅಜ್ಜಿ ಅವಳನ್ನು ತಡೆಯಲಿಲ್ಲ.

“ಅರ್ಧಕ್ಕೂ ಮುಟ್ಟಲ್ಲ,” ಎಂದಳು ಹುಡುಗಿ ಕೊನೆಗೆ.

“ಇಲ್ಲ.”

“ನನ್ನ ಜಡೆ ಸೇರಿಸಿದ್ರೆ?”

“ಸಾಲಲ್ಲ.”

ಹುಡುಗಿ ಮೂಳೆಗಳ ಕಡೆ ತಿರುಗಿದಳು. ಗಾಳಿಗೆ ಆ ಕೂದಲೆಲ್ಲ ಒಂದೇ ಕಡೆಗೆ ವಾಲುತ್ತಿತ್ತು. “ಇವರದ್ದೆಲ್ಲ?”

“ಸಾಲಬಹುದು,” ಎಂದಳು ಅಜ್ಜಿ. “ಜಡ್ಡುಗಟ್ಟಿದೆ. ಬಿಡಿಸಬೇಕು, ಬಾಚಬೇಕು, ಒಂದೊಂದೇ ಎಳೆ ಹೊಸೀಬೇಕು. ನಾವಿಬ್ಬರೇ ಇರೋದು.”

“ಎಷ್ಟು ದಿನ ಹಿಡಿಯುತ್ತೆ?”

ಅಜ್ಜಿಗೆ ಸುಳ್ಳು ಹೇಳುವುದು ಸುಲಭವಿತ್ತು. ನಡುವೂರಿಗೆ ಬಂದ ಎಲ್ಲರಿಗೂ ಅವಳು ‘ಇನ್ನೇನು ಆಯ್ತು ಮಗಾ’ ಎಂದೇ ಹೇಳಿದ್ದಳು.

“ದಿನ ಅಲ್ಲ, ವರ್ಷ,” ಎಂದಳು.

ಹುಡುಗಿ ನಿಂತೇ ಇದ್ದಳು. ಅವಳ ತೆರೆದ ಕಣ್ಣಿನಲ್ಲಿ ಮಂಜು ಬಂದು ಹೋಯಿತು. “ಹಾಗಾದ್ರೆ ನನ್ನ ತಮ್ಮ?”

“ಅವನಿಗೆ ಒದಗಲ್ಲ ಇದು.”

“ಅಮ್ಮ?”

ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು.

“ಮತ್ತೆ ಯಾರಿಗೆ?”

“ಯಾರಿಗೋ. ಆಮೇಲೆ ಹುಟ್ಟೋ ಯಾವುದೋ ಕೂಸಿಗೆ. ಅದರ ಹೆಸರು ನಮಗೆ ಗೊತ್ತಾಗಲ್ಲ. ಅದಕ್ಕೆ ನಮ್ಮದು ಗೊತ್ತಾಗಲ್ಲ.”

ಹುಡುಗಿ ಬೆನ್ನು ತಿರುಗಿಸಿ ಕುಳಿತಳು. ಅವಳು ಅತ್ತಳೋ ಇಲ್ಲವೋ ಅಜ್ಜಿ ನೋಡಲಿಲ್ಲ. ನಗು ಹೋದ ಊರಿನವಳ ಪಕ್ಕದಲ್ಲಿ ಕುಳಿತು, ಆ ತಲೆಯನ್ನು ಮೆಲ್ಲಗೆ ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಂದೊಮ್ಮೆ ಚಾಪೆಯ ಮೇಲೆ ಕುಳಿತು ಹೇನು ನೋಡುತ್ತಿದ್ದ ಹಾಗೆ, ಬೆರಳಿನಿಂದ ಸಿಕ್ಕು ಬಿಡಿಸತೊಡಗಿದಳು. ಕೂದಲು ಇನ್ನೂ ಗಟ್ಟಿಯಾಗಿತ್ತು. ಬೆಳಕು ಇಳಿಯಿತು, ಏರಿತು, ಇಳಿಯಿತು. ಆಚೆಯ ದೀಪ ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ.

ಬೆರಳಿಗೆ ಒಂದು ಎಳೆಯಷ್ಟು ಕೂದಲು ಕೂಡಿದಾಗ ಯಾರೋ ಎದುರು ಬಂದು ಕುಳಿತ ಹಾಗಾಯಿತು. ಅಜ್ಜಿ ತಲೆ ಎತ್ತಲಿಲ್ಲ. ಹುಡುಗಿ ಇನ್ನೊಂದು ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಳು.

“ಅಜ್ಜಿ,” ಎಂದಳು. “ಈ ತುದಿ ಸ್ವಲ್ಪ ಹಿಡ್ಕೋ.”